ಹಸಿರು ಶಾಯಿಯ ಎರಡು ಟಿಕ್

ಆ ಕಚೇರಿಗೆ ಐವತ್ತೆರಡು ಮೆಟ್ಟಿಲು. ಹನ್ನೆರಡು ವರ್ಷದ ಹಿಂದೆ ಅವಳು ಅವನ್ನು ಎರಡೆರಡಾಗಿ ಹಾರಿ ಹತ್ತುತ್ತಿದ್ದಳು. ಈ ಸೋಮವಾರ ಒಂದೊಂದನ್ನೂ ಎಣಿಸಿದಳು. ಮೂವತ್ತನೆಯ ಮೆಟ್ಟಿಲಿನಲ್ಲಿ ನಿಂತು, ಅವನು ಮೇಲೆ ಇದ್ದರೆ ಯಾವ ಮುಖ ಇಟ್ಟುಕೊಂಡು ಒಳಗೆ ಹೋಗುವುದು ಎಂದುಕೊಂಡಳು. ನಲವತ್ತನೆಯದರಲ್ಲಿ, ಇಲ್ಲದಿದ್ದರೆ ಇಷ್ಟು ದೂರ ಯಾಕೆ ಬಂದೆ ಎಂದುಕೊಂಡಳು.

ಇದ್ದ.

ಕಿಟಕಿ ಪಕ್ಕದ ಅದೇ ಮೇಜು, ಕಿವಿಯ ಮೇಲೆ ಸಿಕ್ಕಿಸಿದ ಅದೇ ಹಸಿರು ಶಾಯಿಯ ಪೆನ್ನು. ಪೆನ್ನಿನ ಸುತ್ತಲಿನ ಕೂದಲು ಮಾತ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ತಲೆಯೆತ್ತಿ ನೋಡಿದ. ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗಿಳಿಸಿ ಮತ್ತೊಮ್ಮೆ ನೋಡಿದ. ಎದ್ದು ನಿಲ್ಲಬೇಕೋ ಬೇಡವೋ ತಿಳಿಯದೆ ಅರ್ಧ ಎದ್ದು ಹಾಗೇ ನಿಂತ.

"ಬನ್ನಿ," ಅಂದ. "ಆ ಕುರ್ಚಿ ಅಲುಗಾಡುತ್ತೆ. ಈ ಕಡೆ ಕೂತ್ಕೊಳ್ಳಿ."

ಹನ್ನೆರಡು ವರ್ಷದ ಮೇಲೆ ಎದುರು ಬಂದವಳಿಗೆ ಹೇಳುವ ಮಾತೇ ಇದು? ಅಜ್ಜಿಯ ಕಥೆಗಳಲ್ಲಿ ಇಂಥ ಹೊತ್ತಿಗೆ ಆಕಾಶದಿಂದ ಹೂಮಳೆ ಸುರಿಯುತ್ತಿತ್ತು. ಇಲ್ಲಿ ಕುರ್ಚಿ ಅಲುಗಾಡುತ್ತಿತ್ತು. ಅವಳು ಈ ಕಡೆಯ ಕುರ್ಚಿಯಲ್ಲೇ ಕೂತಳು.

ಅದು ನಿಘಂಟಿನ ಕಚೇರಿ. ಯುರೋಪಿನ ಐದು ಭಾಷೆಗಳ ಮಾತುಗಳಿಗೆ ಕನ್ನಡದ ಅರ್ಥ ಹೇಳುವ ದೊಡ್ಡ ನಿಘಂಟು ಅಲ್ಲಿ ಮೂವತ್ತು ವರ್ಷದಿಂದ ಬೆಳೆಯುತ್ತಲೇ ಇತ್ತು. ಗೋಡೆಯುದ್ದಕ್ಕೂ ಮರದ ಬೀರು, ಬೀರುವಿನ ತುಂಬ ಉದ್ದನೆಯ ಡ್ರಾಯರು, ಡ್ರಾಯರಿನ ತುಂಬ ಅಂಗೈ ಅಗಲದ ಕಾರ್ಡು. ಒಂದು ಮಾತಿಗೆ ಒಂದು ಕಾರ್ಡು. ಬರೆಯುವವರದು ನೀಲಿ ಶಾಯಿ. ಬರೆದದ್ದನ್ನು ಓದಿ ಒಪ್ಪುವ ಎರಡನೆಯ ಓದಿನವರದು ಹಸಿರು. ಎಲ್ಲರ ಮೇಲೆ ಕೂತ ಹಿರಿಯ ಸಂಪಾದಕಿಯದು ಕೆಂಪು. ಆಕೆಯನ್ನು ಇಡೀ ಕಚೇರಿ ದೊಡ್ಡಮ್ಮ ಎನ್ನುತ್ತಿತ್ತು. ಎದುರಿಗೆ ಭಕ್ತಿಯಿಂದ, ಹಿಂದೆ ಭಯದಿಂದ.

ದೊಡ್ಡಮ್ಮನೇ ಫೋನ್ ಮಾಡಿದ್ದರು. ಹೊಸ ಮುದ್ರಣಕ್ಕೆ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಬೇಕು. ಒಂದೇ ಸಾಲಿನಲ್ಲಿ ಎರಡು ಲಿಪಿ ಕಂಡರೆ ಸ್ಕ್ಯಾನಿಂಗ್ ಯಂತ್ರಕ್ಕೆ ತಲೆ ತಿರುಗುತ್ತದೆ. ಬರೆದವರೇ ಬಂದು ಕೂತು ಟೈಪ್ ಮಾಡಿಕೊಡಬೇಕು, ಎರಡು ವಾರ ರಜೆ ಹಾಕಿ ಬಾ ಎಂದು ಅಪ್ಪಣೆಯಾಗಿತ್ತು. "ಮುತ್ತು, ನೆಪ ಹೇಳಬೇಡ," ಎಂದೂ ಸೇರಿಸಿದ್ದರು.

ಮುತ್ತು ಎಂಬುದು ಅವಳಿಗೆ ಆ ಕಚೇರಿ ಇಟ್ಟ ಹೆಸರು. ಮುತ್ತು ಪೋಣಿಸಿದಂಥ ಅಕ್ಷರ ಅವಳದು. ಎಲ್ಲರೂ ಹಾಗೇ ಕರೆಯುತ್ತಿದ್ದರು, ಅವನೊಬ್ಬನನ್ನು ಬಿಟ್ಟು. ಒಂದು ಸಲ ಕರೆಯಲು ಹೋಗಿ "ಮು" ಎಂಬಲ್ಲಿಗೆ ನಿಲ್ಲಿಸಿ, ಕಿವಿ ಕೆಂಪಗೆ ಮಾಡಿಕೊಂಡು, ಮುಂದಿನ ನಾಲ್ಕು ವರ್ಷ "ರೀ" ಎಂದೇ ಕಾಲ ಹಾಕಿದವನು. ಅವನಿಗೂ ಒಂದು ಹೆಸರಿತ್ತು: ಹಸಿರಪ್ಪ. ಅದನ್ನು ಎದುರಿಗೆ ಕರೆಯುವ ಧೈರ್ಯ ಅವಳಿಗೊಬ್ಬಳಿಗೇ ಇತ್ತು.

ಈಗ ಇಬ್ಬರ ನಡುವೆ ಒಂದು ಮೇಜು, ಒಂದು ಕಂಪ್ಯೂಟರ್, ಉದ್ದನೆಯ ಒಂದು ಡ್ರಾಯರು. ಡ್ರಾಯರಿನ ಮೇಲೆ ಸ್ಪ್ಯಾನಿಷ್ ಎಂದು ಬರೆದಿತ್ತು, ಪಕ್ಕದಲ್ಲಿ ಇಂಗ್ಲಿಷಿನ ಇ ಅಕ್ಷರ.

ಇಷ್ಟು ಡ್ರಾಯರುಗಳಿರುವಾಗ ಇದೇ ಆಗಬೇಕೇ?

ಅವನು ಕಾರ್ಡು ಓದಿ ಹೇಳುವುದು, ಅವಳು ಟೈಪ್ ಮಾಡುವುದು ಎಂದು ಗೊತ್ತುಮಾಡಿದ್ದರು. ಕಾರ್ಡಿನ ಎರಡೂ ಮಗ್ಗುಲು ಗಟ್ಟಿಯಾಗಿ ಓದಬೇಕು, ಹಿಂದೆ ಬರೆದ ಹಳೆಯ ಪ್ರಶ್ನೆ, ಉತ್ತರಗಳು ಹೊಸ ಮುದ್ರಣಕ್ಕೆ ಬೇಕು ಎಂದು ದೊಡ್ಡಮ್ಮ ಕೋಲು ಊರಿಕೊಂಡು ಬಂದು ಹೇಳಿ ಹೋದರು. ಹೋಗುವಾಗ ಬಾಗಿಲಲ್ಲಿ ತಿರುಗಿ, ಇಬ್ಬರನ್ನೂ ಒಂದು ಸಲ ಅಳೆದು, "ಅವನೂ ಒಂಟಿಯಾಗೇ ಉಳಿದ, ನೀನೂ ಹಾಗೇ ಉಳಿದೆ. ನನ್ನ ಕಚೇರಿಗೇನಾದ್ರೂ ದೋಷ ಇದೆಯಾ ಅಂತ ಯಾರಿಗಾದ್ರೂ ತೋರಿಸ್ಬೇಕು," ಎಂದರು.

ಇಬ್ಬರೂ ಡ್ರಾಯರನ್ನೇ ನೋಡಿದರು.

ಸ್ವಲ್ಪ ಹೊತ್ತಾದ ಮೇಲೆ ಅವನು ಮೊದಲ ಕಾರ್ಡು ಎಳೆಯುತ್ತ, ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ತಾನು ಈಗಲೂ ಇರುವುದಾಗಿ ಹೇಳಿದ. ಅವಳು, ಅಜ್ಜಿ ಹೋಗಿ ಮೂರು ವರ್ಷವಾಯಿತು ಎಂದಳು. ಅವನ ಕೈ ನಿಂತಿತು. ನನಗೆ ಯಾರೂ ಹೇಳಲಿಲ್ಲ ಅಂದ. ಆಮೇಲೆ ಮೆಲ್ಲಗೆ, ಯಾರ ಮೇಲೂ ಅಲ್ಲ ಎಂಬಂತೆ, "ಕೆಲವರಿಗೆ ಹೇಳದೇ ಹೋಗೋ ಅಭ್ಯಾಸ," ಎಂದ.

ಅವಳು ಕೀಬೋರ್ಡಿನಿಂದ ಕಣ್ಣೆತ್ತಲಿಲ್ಲ. "ಕೆಲವರಿಗೆ ಓದಿಯೂ ಸುಮ್ಮನಿರೋ ಅಭ್ಯಾಸ."

"ಓದೋದೇ ನನ್ನ ಕೆಲಸ ಅಲ್ವೇನ್ರೀ," ಎಂದು ಅವನು ನಕ್ಕ.

ಎಷ್ಟು ಸಲೀಸಾಗಿ ನಕ್ಕ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಯಾಕೆ ಉರಿಯಿತು ಎಂದು ತಿಳಿಯಬೇಕಾದರೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಅವಳಿಗೆ ಇಪ್ಪತ್ತಾರು, ಅವನಿಗೆ ಮೂವತ್ತೆರಡು. ಇಬ್ಬರ ಮೇಜುಗಳೂ ಎದುರುಬದುರು. ನಡುವೆ ಒಂದು ತಟ್ಟೆ. ಅವಳು ಬರೆದ ಕಾರ್ಡು ತಟ್ಟೆಗೆ ಬೀಳುತ್ತಿತ್ತು, ಅವನು ಎತ್ತಿಕೊಳ್ಳುತ್ತಿದ್ದ, ಓದಿ ಮುಗಿಸಿ ಹಿಂದಿರುಗಿಸುತ್ತಿದ್ದ. ಬರೆಯುವವರಿಗೆ ಏನಾದರೂ ಅನುಮಾನವಿದ್ದರೆ ಕಾರ್ಡಿನ ಹಿಂಬದಿ ಬರೆಯಬೇಕು, ಎರಡನೆಯ ಓದಿನವರು ಅದರ ಕೆಳಗೆ ಉತ್ತರ ಬರೆಯಬೇಕು. ಮುಂದಿನ ಮಗ್ಗುಲು ನೋಡಿದ್ದಕ್ಕೆ ಒಂದು ಟಿಕ್, ಹಿಂದಿನ ಮಗ್ಗುಲು ನೋಡಿದ್ದಕ್ಕೆ ಇನ್ನೊಂದು. ಎರಡೂ ಟಿಕ್ ಮುಂದೆಯೇ, ಬಲಗಡೆಯ ಮೂಲೆಯಲ್ಲಿ. ಹಿಂದೆ ಬರೆದ ಪ್ರಶ್ನೆಗೆ ಉತ್ತರವಾಗದೆ ಯಾವ ಕಾರ್ಡೂ ಡ್ರಾಯರಿಗೆ ಹೋಗಕೂಡದು. ಎಷ್ಟು ವರ್ಷವಾದರೂ ಪ್ರಶ್ನೆ ಪ್ರಶ್ನೆಯೇ, ಅದಕ್ಕೆ ಮುಪ್ಪಿಲ್ಲ ಎನ್ನುತ್ತಿದ್ದರು ದೊಡ್ಡಮ್ಮ.

ಇನ್ನೊಂದು ನಿಯಮವಿತ್ತು. ಡ್ರಾಯರಿನಿಂದ ಕಾರ್ಡು ತೆಗೆದವರು ಅದರ ಜಾಗದಲ್ಲಿ ಹಳದಿ ಚೀಟಿ ಇಡಬೇಕು. ತೆಗೆದವರು ಯಾರು, ಯಾಕೆ, ವಾಪಸ್ ಯಾವಾಗ ಎಂದು ಬರೆದು. ಹಳದಿ ಚೀಟಿ ಇಡದೆ ಕಾರ್ಡು ತೆಗೆದವರನ್ನು ದೊಡ್ಡಮ್ಮ ಮಾತಾಡಿಸುತ್ತಿರಲಿಲ್ಲ. ಬಯ್ಯುವುದಕ್ಕಿಂತ ಅದು ಕಷ್ಟ.

ಆದರೆ ಅವಳ ಕಾರ್ಡಿನ ಬೆನ್ನು ನಾಲ್ಕು ವರ್ಷವೂ ಖಾಲಿಯೇ ಇತ್ತು. ಅವಳ ಅನುಮಾನಗಳೆಲ್ಲ ಬಾಯಲ್ಲೇ ಎದುರು ಮೇಜಿಗೆ ಹೋಗುತ್ತಿದ್ದವು. ಇದು ಸರಿಯಾ, ಅದು ಸರಿಯಾ ಎಂದು ಕತ್ತು ನೀಡಿ ಕೇಳುವಾಗ ಅವನು ಕನ್ನಡಕವನ್ನು ಹಣೆಗೇರಿಸುತ್ತಿದ್ದ. ಕನ್ನಡಕ ಏರಿದಾಗ ಆ ಕಣ್ಣುಗಳು ಸ್ವಲ್ಪ ಮಂಜಾಗಿ, ಸ್ವಲ್ಪ ಮಗುವಿನಂತೆ ಕಾಣುತ್ತಿದ್ದವು. ನಿಜ ಹೇಳಬೇಕೆಂದರೆ, ಅವಳಿಗಿದ್ದ ಅನುಮಾನಗಳಲ್ಲಿ ಮುಕ್ಕಾಲು ಪಾಲು ಆ ಕಣ್ಣು ನೋಡುವುದಕ್ಕೇ ಹುಟ್ಟಿದವು.

ಹೀಗಿರುವಾಗ ಒಂದು ಮಾತು ಬಂತು. ಎಸ್ಪೆರಾರ್. ಸ್ಪ್ಯಾನಿಷಿನ ಒಂದು ಕ್ರಿಯಾಪದ.

ಅವಳು ಮೊದಲ ಅರ್ಥವಾಗಿ "ಕಾಯು" ಎಂದು ಬರೆದಳು. ಎರಡನೆಯದು "ಆಶಿಸು." ಅವನು ತಲೆಯಾಡಿಸಿದ. ಇದರ ತಾಯಿ ಲ್ಯಾಟಿನ್, ಅಲ್ಲಿ ಅದಕ್ಕೆ ಆಸೆಪಡು ಎಂದೇ ಅರ್ಥ, ಆಸೆಯೇ ಮೊದಲು ಬರಬೇಕು ಎಂದ. ಫ್ರೆಂಚರು ಆ ಮಾತನ್ನು ಆಶಿಸುವುದಕ್ಕೆ ಇಟ್ಟುಕೊಂಡು ಕಾಯುವುದಕ್ಕೆ ಬೇರೆ ಕ್ರಿಯಾಪದ ತಂದುಕೊಂಡಿದ್ದಾರೆ. ಇಟಲಿಯವರೂ ಹಾಗೇ, ಆಸೆಗೆ ಸ್ಪೆರಾರೆ, ಕಾಯಲು ಅಸ್ಪೆತ್ತಾರೆ. ಎರಡು ಅಡುಗೆಗೆ ಎರಡು ಪಾತ್ರೆ, ಅಚ್ಚುಕಟ್ಟಾದ ಜನ ಎಂದು ಹೊಗಳಿದ.

"ಸ್ಪೇನಿನವರು, ಪೋರ್ಚುಗಲ್ಲಿನವರು ಒಂದೇ ಪಾತ್ರೇಲಿ ಎರಡನ್ನೂ ಬೇಯಿಸ್ತಾರೆ," ಎಂದಳು ಅವಳು. "ಕಾದವರಿಗೆ ಗೊತ್ತಿರುತ್ತೆ ಹಸಿರಪ್ಪನವರೇ, ಎರಡೂ ಬೇರೆ ಬೇರೆ ಅಲ್ಲ ಅಂತ."

ಕನ್ನಡಕ ಹಣೆಗೇರಿತು. "ನೀವು ಯಾರಿಗೆ ಕಾದಿದ್ದೀರಿ?"

"ಬಸ್ಸಿಗೆ."

"ಬಸ್ಸಿಗಾದ್ರೆ ಆ ಅಕ್ಷರ ಬೇಡ," ಎಂದು ಅವನು ಗಂಭೀರವಾಗಿ ಕಾರ್ಡಿನ ಮೇಲೆ ಬೆರಳಿಟ್ಟ.

ಅದೂ ನಿಜವೇ. ಆ ಭಾಷೆಯಲ್ಲಿ ಬಸ್ಸಿಗೋ ಕಾಗದಕ್ಕೋ ಕಾಯುವುದಾದರೆ ಕ್ರಿಯಾಪದದ ಪಕ್ಕದಲ್ಲೇ ಅದರ ಹೆಸರು ಹೇಳಿದರೆ ಸಾಕು. ಒಬ್ಬ ಮನುಷ್ಯನಿಗೆ ಕಾಯುವುದಾದರೆ ಮಾತ್ರ ನಡುವೆ "ಆ" ಎಂಬ ಒಂದು ಪುಟ್ಟ ಅಕ್ಷರ ಬಂದು ನಿಲ್ಲಬೇಕು. ಅವಳ ಕಾರ್ಡಿನಲ್ಲಿ ಆ ಅಕ್ಷರಕ್ಕೊಂದು ಟಿಪ್ಪಣಿಯಿತ್ತು. ಅದನ್ನು ಓದುತ್ತ ಅವನು, ಅವಳನ್ನು ನೋಡದೆ, ಒಂದಕ್ಷರಕ್ಕೆ ಎಷ್ಟು ತೂಕ ಎಂದ.

ಆ ಜಗಳ ಮೂರು ದಿನ ನಡೆಯಿತು. ಎರಡನೆಯ ದಿನ ಅವರು ಸಿಟ್ಟಾದದ್ದು ವಾಕ್ಯದಲ್ಲಿ ಎಸ್ಪೆರಾರ್ ಆದ ಮೇಲೆ ಬರುವ ಕ್ರಿಯಾಪದದ ಮೇಲೆ. ಸ್ಪ್ಯಾನಿಷಿನಲ್ಲಿ "ಅವನು ಬರಲಿ ಎಂದು ಆಶಿಸುತ್ತೇನೆ" ಎನ್ನುವಾಗ ಬರು ಎಂಬ ಕ್ರಿಯಾಪದ ತನ್ನ ರೂಪ ಬದಲಿಸಿಕೊಳ್ಳುತ್ತದೆ, ಇನ್ನೂ ಆಗದ, ಆದರೆ ಆಗಬಹುದಾದ ರೂಪ. ಫ್ರೆಂಚಿನಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಆಶಿಸಿದರೂ ಆ ಕ್ರಿಯೆ ನಿಜವಾಗಿ ನಡೆಯುವ ಸಂಗತಿಯಂತೆ ನೆಟ್ಟಗೆ ನಿಲ್ಲುತ್ತದೆ. ಅವರಿಗೆ ಅಷ್ಟು ಧೈರ್ಯ ಎಂದು ಅವನೆಂದ. ಧೈರ್ಯವಲ್ಲ, ಜಂಬ ಎಂದು ಅವಳೆಂದಳು.

ಮನೆಗೆ ಹೋಗಿ ಅಜ್ಜಿಯ ಮುಂದೆ ಇಟ್ಟಳು. ಅಜ್ಜಿ ಹಳೆಯ ಡಬ್ಬಿಯಿಂದ ಗುಂಡಿಗಳನ್ನು ಸುರಿದುಕೊಂಡು, ಒಂದು ರವಿಕೆಗೆ ಹೊಂದುವ ಗುಂಡಿ ಹುಡುಕುತ್ತಿದ್ದರು. ಮೊಮ್ಮಗಳ ಐದು ಭಾಷೆಗಳನ್ನೂ ತಾಳ್ಮೆಯಿಂದ ಕೇಳಿದರು.

"ಒಲೆ ಮೇಲೆ ನೀರು ಕಾಯುತ್ತೆ," ಎಂದರು. "ಬಾಗಿಲಲ್ಲಿ ನಾಯಿ ಮನೆ ಕಾಯುತ್ತೆ. ಕಿಟಕೀಲಿ ಹುಡುಗಿ ಕಾಯ್ತಾಳೆ. ಮೂರೂ ಒಂದೇ ಕಣೇ ಗುಬ್ಬಿ. ಹೊರಗೆ ಸುಮ್ಮನೆ ಇದ್ದ ಹಾಗಿರುತ್ತೆ, ಒಳಗೆ ಬಿಸಿ ಏರ್ತಾ ಇರುತ್ತೆ." ಆಮೇಲೆ ಗುಂಡಿಯೊಂದನ್ನು ಬೆಳಕಿಗೆ ಹಿಡಿದು, "ಆ ಹಸಿರು ಪೆನ್ನಿನವನಿಗೆ ಮದುವೆ ಆಗಿದೆಯಾ?" ಎಂದು ಕೇಳಿದರು.

ಮರುದಿನ ಅವಳು ಅಜ್ಜಿಯ ಮಾತಿನ ಮೊದಲ ಭಾಗವನ್ನು ಮಾತ್ರ ಅವನಿಗೆ ಹೇಳಿದಳು. ಅವನು ಕನ್ನಡಕ ಇಳಿಸಿ, ನಿಮ್ಮ ಅಜ್ಜಿಯ ಮುಂದೆ ಲ್ಯಾಟಿನ್ ಸೋತಿತು, ಕಾಯುವುದನ್ನೇ ಮೊದಲು ಬರೆಯಿರಿ ಎಂದ.

ಆ ಸಂಜೆಯೇ ಪತ್ರ ಬಂತು. ಬೇರೆ ಊರಿನ ಭಾಷಾ ಶಾಲೆಯಲ್ಲಿ ಪಾಠ ಹೇಳುವ ಕೆಲಸ. ಶನಿವಾರದೊಳಗೆ ಉತ್ತರ ಕೊಡಬೇಕು.

ಎರಡು ದಿನ ಅವಳು ಎದುರು ಮೇಜಿನ ಕಡೆ ಕತ್ತು ನೀಡಿದಳು, ಹಿಂದಕ್ಕೆ ಎಳೆದುಕೊಂಡಳು. ನಾಲ್ಕು ವರ್ಷ ಎಲ್ಲವನ್ನೂ ಬಾಯಲ್ಲೇ ಕೇಳಿದವಳಿಗೆ ಈ ಒಂದು ಪ್ರಶ್ನೆ ಗಂಟಲು ದಾಟಲಿಲ್ಲ. ಗುರುವಾರ ಮಧ್ಯಾಹ್ನ ಎಸ್ಪೆರಾರ್ ಕಾರ್ಡಿನ ಶುದ್ಧ ಪ್ರತಿ ಬರೆದು ಮುಗಿಸಿದಳು. ಆಮೇಲೆ ಅದನ್ನು ಬೋರಲು ಹಾಕಿ, ನೀಲಿ ಶಾಯಿಯಲ್ಲಿ, ತನ್ನ ಅತ್ಯಂತ ಚೆಂದದ ಅಕ್ಷರದಲ್ಲಿ ಬರೆದಳು. ಬೇರೆ ಊರಿಂದ ಕೆಲಸದ ಪತ್ರ ಬಂದಿದೆ. ಶನಿವಾರದೊಳಗೆ ಹೇಳಬೇಕು. ನೀವು ಇರಿ ಅಂದರೆ ಇರುತ್ತೇನೆ.

ಕಾರ್ಡು ತಟ್ಟೆಗೆ ಬಿತ್ತು. ಅವಳು ತಲೆನೋವೆಂದು ಬೇಗ ಮನೆಗೆ ಹೋದಳು.

ಶುಕ್ರವಾರ ಬೆಳಿಗ್ಗೆ ಅದು ಅವಳ ಮೇಜಿನ ಮೇಲಿತ್ತು. ಬಲಮೂಲೆಯಲ್ಲಿ ಹಸಿರು ಶಾಯಿ. ಒಂದು ಟಿಕ್. ಪಕ್ಕದಲ್ಲಿ ಇನ್ನೊಂದು.

ಎರಡೂ ಮಗ್ಗುಲು ನೋಡಲಾಗಿದೆ.

ಕಾರ್ಡು ತಿರುಗಿಸಿದಳು. ಅವಳ ಮೂರು ಸಾಲು. ಕೆಳಗೆ ಖಾಲಿ.

ಅವನು ಎದುರಿಗೇ ಇದ್ದ. ಏನೋ ಗುನುಗುತ್ತಿದ್ದ. ತಲೆನೋವು ಹೇಗಿದೆ, ಟೀ ತರಿಸಲೇ ಎಂದು ಕೇಳಿದ. ಇಷ್ಟು ದೊಡ್ಡ ಮಾತನ್ನು ಓದಿಯೂ ಟೀ ತರಿಸಲೇ ಎನ್ನುವವನಿಗೆ ಇನ್ನೇನು ಹೇಳುವುದು? ಶನಿವಾರ ಅವನು ಬರಲೂ ಇಲ್ಲ. ಅಕ್ಕ ಮನೆ ಬದಲಾಯಿಸುತ್ತಿದ್ದಾಳೆ, ಸಾಮಾನು ಸಾಗಿಸಬೇಕು ಎಂದು ರಜೆ ಹಾಕಿದ್ದನಂತೆ. ಅವಳಿಗೆ ಅದು ತಪ್ಪಿಸಿಕೊಂಡಂತೆ ಕಂಡಿತು. ಎರಡು ಟಿಕ್ ಇದ್ದ ಆ ಕಾರ್ಡನ್ನು ತಾನೇ ಡ್ರಾಯರಿನಲ್ಲಿ ಇಟ್ಟಳು. ಉತ್ತರ ಬರದ ಕಾರ್ಡನ್ನು ಒಳಗಿಟ್ಟು, ಜೀವನದಲ್ಲಿ ಮೊದಲ ಸಲ ದೊಡ್ಡಮ್ಮನ ನಿಯಮ ಮುರಿದಳು. ವಿಳಾಸವನ್ನು ಯಾರಿಗೂ ಕೊಡಬೇಡಿ ಎಂದು ದೊಡ್ಡಮ್ಮನಿಗೆ ಮಾತ್ರ ಹೇಳಿ, ಸೋಮವಾರದ ಬಸ್ಸಿಗೆ ಕಾದಳು. ಬಸ್ಸಿಗಾದರೆ ಆ ಅಕ್ಷರ ಬೇಡ.

ಈಗೀಗ ಫೋನಿನಲ್ಲಿ ಎರಡು ಟಿಕ್ ಕಂಡು, ಉತ್ತರ ಬರದೆ, ಊರಿಗೆ ಊರೇ ಒದ್ದಾಡುತ್ತದೆ. ಅವಳ ಕ್ಲಾಸಿನ ಹುಡುಗಿಯರು ಆ ಬಗ್ಗೆ ಗೋಳು ಹೇಳಿಕೊಂಡಾಗ ಅವಳು ನಗುತ್ತಿದ್ದಳು. ನನಗೆ ಅದು ಕಾಗದದಲ್ಲೇ ಆಗಿತ್ತು ಕಣ್ರಮ್ಮ ಎಂದು ಬಾಯಿಗೆ ಬಂದದ್ದನ್ನು ನುಂಗುತ್ತಿದ್ದಳು. ಮದುವೆಯ ಮಾತುಗಳು ಬಂದವು, ಹೋದವು. ಅವಳು ಯಾವುದಕ್ಕೂ ಕಾಯುತ್ತಿಲ್ಲ ಎಂದು ಎಲ್ಲರಿಗೂ ಹೇಳಿದಳು. ಅಜ್ಜಿ ಮಾತ್ರ ಅದನ್ನು ನಂಬಲಿಲ್ಲ. ಚಿಕ್ಕವಳಿದ್ದಾಗ ಅವಳು, ಏಳು ಸಮುದ್ರ ದಾಟಿ ಬರುವ ರಾಜಕುಮಾರ ದಾರಿ ತಪ್ಪಿದರೆ ಏನಾಗುತ್ತದೆ ಎಂದು ಕೇಳಿದ್ದಳಂತೆ. ಅದಕ್ಕೆ ತಾನು ಕೊಟ್ಟ ಉತ್ತರವನ್ನೇ ಅಜ್ಜಿ ಕೊನೆಯ ವರ್ಷದಲ್ಲೂ ನೆನಪಿಸಿದರು.

"ಆಗ ಕಥೆ ಸ್ವಲ್ಪ ಉದ್ದ ಆಗುತ್ತೆ. ಅಷ್ಟೇ."

ಡ್ರಾಯರು ಮೆಲ್ಲಗೆ ಖಾಲಿಯಾಗುತ್ತ ಬಂತು. ಸೋಮವಾರ, ಮಂಗಳವಾರ ಸರಿದವು. ಅವನು ಓದುವ ಧಾಟಿ ಬದಲಾಗಿರಲಿಲ್ಲ. ಮುಂದಿನ ಮಗ್ಗುಲು ಓದಿ, ಕಾರ್ಡು ತಿರುಗಿಸಿ, "ಹಿಂದೆ ಖಾಲಿ," ಎನ್ನುತ್ತಿದ್ದ. ಬೇರೆಯವರ ಕಾರ್ಡುಗಳ ಹಿಂದೆ ಪ್ರಶ್ನೆಗಳ ಜಾತ್ರೆಯೇ ಇರುತ್ತಿತ್ತು. ಅವಳ ಕಾರ್ಡು ಬಂದಾಗಲೆಲ್ಲ, "ಇದು ನಿಮ್ಮದು. ಖಾಲಿ," ಎನ್ನುವಾಗ ಅವನ ದನಿ ಒಂಚೂರು ಮೆತ್ತಗಾಗುತ್ತಿತ್ತು.

ನಡುನಡುವೆ ಹಳೆಯ ದಿನಗಳೂ ಡ್ರಾಯರಿನಿಂದ ಎದ್ದು ಬರುತ್ತಿದ್ದವು. ಒಂದು ಕಾರ್ಡಿನ ಮೇಲೆ ಟೀ ಕಲೆ. ಅದು ತನ್ನದೇ ಲೋಟ, ತಪ್ಪು ನಿಮ್ಮ ಮೇಲೆ ಹಾಕಿದ್ದೆ ಎಂದು ಅವನು ಒಪ್ಪಿಕೊಂಡ. ಇನ್ನೊಂದರಲ್ಲಿ ಅವಳು ಮೂಲೆಯಲ್ಲಿ ಬರೆದಿದ್ದ ಸಣ್ಣ ಗುಬ್ಬಿಯ ಚಿತ್ರ. ಇದನ್ನು ಟೈಪ್ ಮಾಡುವುದು ಹೇಗೆ ಎಂದು ಕೇಳಿ ಅವಳನ್ನು ನಗಿಸಿದ. ನಗುವಾಗ ಅವಳು ಮರೆತೇಬಿಟ್ಟಿದ್ದಳು. ನಕ್ಕು ಮುಗಿದ ಮೇಲೆ ನೆನಪಾಯಿತು, ಮುಂದೆ ಬರುತ್ತಿರುವುದು ಏನೆಂದು.

ಬುಧವಾರ ಮಧ್ಯಾಹ್ನ ಅವನು ಲೋಟ ತೊಳೆಯಲು ಹೋದಾಗ ಅವಳ ಕೈ ಡ್ರಾಯರಿನೊಳಗೆ ಹೋಯಿತು. ಬೆರಳು ತಾನಾಗಿಯೇ ಆ ಕಾರ್ಡನ್ನು ಹುಡುಕಿಕೊಂಡಿತು. ಮುಂದಿನ ನೀಲಿ ಅಕ್ಷರ, ಮೂಲೆಯ ಹಸಿರು. ಎತ್ತಿ ಬ್ಯಾಗಿಗೆ ಹಾಕಿಕೊಂಡರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಹಳದಿ ಚೀಟಿ ಇಡಬೇಕು. ಯಾಕೆ ಎಂಬಲ್ಲಿ ಏನು ಬರೆಯುವುದು? ನಾಚಿಕೆ ಎಂದೇ? ದೊಡ್ಡಮ್ಮನ ಕೈಕೆಳಗೆ ಪಳಗಿದ ಕೈ ಕಾರ್ಡನ್ನು ಕದಿಯಲಾರದೆ ಬಿಟ್ಟಿತು. ಹೇಗೂ ಅವನು ಓದಿದ್ದೇ ತಾನೆ ಎಂದುಕೊಂಡಳು. ಓದಲಿ, ಗಟ್ಟಿಯಾಗಿಯೇ ಓದಲಿ. ಈ ಸಲ ಯಾವ ಮುಖ ಇಟ್ಟುಕೊಳ್ಳುತ್ತಾನೋ ನಾನೂ ನೋಡುತ್ತೇನೆ.

ಅವನು ಬಂದು ಕೂತ. ಕೈ ಒರೆಸಿಕೊಂಡ. ಓದಿದ.

ಎಸ್ಕೋಬಾ, ಪೊರಕೆ. ಹಿಂದೆ ಖಾಲಿ. ಎಸ್ಕೊಂದೆರ್, ಬಚ್ಚಿಡು. ಖಾಲಿ. ಎಸ್ಕುಚಾರ್, ಆಲಿಸು. ಎಸ್ಪಾಲ್ದಾ, ಬೆನ್ನು. ಎಸ್ಪೆಹೋ, ಕನ್ನಡಿ. ಎಸ್ಪೆರಾನ್ಸಾ, ಭರವಸೆ. ಖಾಲಿ.

"ಎಸ್ಪೆರಾರ್," ಎಂದು ಓದಿ ಅವನು ನಿಲ್ಲಿಸಿದ. ಮುಗುಳ್ನಕ್ಕ. "ನಿಮ್ಮ ಅಜ್ಜಿ ಗೆದ್ದ ಕಾರ್ಡು."

ಅವನು ಓದಿದ. ಒಂದು, ಕಾಯು. ಎರಡು, ಆಶಿಸು. ಮೂರು, ನಿರೀಕ್ಷಿಸು. ಮನುಷ್ಯರಿಗೆ ಕಾಯುವಾಗ ಬರುವ ಆ ಪುಟ್ಟ ಅಕ್ಷರದ ಟಿಪ್ಪಣಿ. ಮುಂದಿನ ಕ್ರಿಯಾಪದದ ರೂಪದ ಟಿಪ್ಪಣಿ. ಫ್ರೆಂಚಿಗೂ ಇಟಾಲಿಯನ್ನಿಗೂ ಇರುವ ವ್ಯತ್ಯಾಸ, ಪೋರ್ಚುಗೀಸಿನ ಹೋಲಿಕೆ. ಅವಳು ಒಂದಕ್ಷರ ಬಿಡದೆ ಟೈಪ್ ಮಾಡಿದಳು. ಕೀಲಿಗಳ ಸದ್ದು ಎದೆಯ ಸದ್ದಿಗಿಂತ ಜೋರಾಗಿರಲಿ ಎಂದು ಒತ್ತಿ ಒತ್ತಿ ಮಾಡಿದಳು.

"ಹಿಂದೆ," ಎಂದು ಅವನು ಕಾರ್ಡು ತಿರುಗಿಸಿದ. "ಖಾ..."

ಮಾತು ಅಲ್ಲೇ ಉಳಿಯಿತು.

ಅವಳು ತಲೆಯೆತ್ತಿ ನೋಡಿದಳು. ನೋಡಬೇಕೆಂದೇ ಕಾದಿದ್ದ ಮುಖ ಅದು. ಆದರೆ ಅಲ್ಲಿದ್ದದ್ದು ಅವಳೆಣಿಸಿದ ಯಾವ ಮುಖವೂ ಅಲ್ಲ. ಕನ್ನಡಕ ಮೂಗಿನ ಮೇಲಿತ್ತು, ಆದರೂ ಆ ಕಣ್ಣುಗಳು ಮಂಜಾಗಿದ್ದವು. ಮೂರು ಸಾಲನ್ನು ಅವನು ಓದಿದ, ಮತ್ತೆ ಮೊದಲಿನಿಂದ ಓದಿದ. ತುಟಿ ಒಂದೊಂದೇ ಅಕ್ಷರ ಕೂಡಿಸುವ ಮಗುವಿನಂತೆ ಅಲುಗಾಡಿತು. ಯಾರೂ ಹಳೆಯ ಕಾಗದವನ್ನು ಹಾಗೆ ಓದುವುದಿಲ್ಲ.

ಅವನು ಇದನ್ನು ಮೊದಲ ಸಲ ನೋಡುತ್ತಿದ್ದಾನೆ.

"ಎರಡು ಟಿಕ್ ಇದೆ," ಎಂದಳು. ದನಿ ತನ್ನದೇ ಎಂದು ಅವಳಿಗೆ ಅನಿಸಲಿಲ್ಲ. "ನಿಮ್ಮ ಕೈಯದೇ."

ಅವನು ಕಾರ್ಡನ್ನು ಮುಂದಕ್ಕೆ ತಿರುಗಿಸಿ ತನ್ನ ಟಿಕ್ಕುಗಳನ್ನು ನೋಡಿದ.

"ನಿಮ್ಮ ಕಾರ್ಡನ್ನ ನಾನು ಯಾವತ್ತೂ ತಿರುಗಿಸಿ ನೋಡಿದವನಲ್ಲ," ಎಂದ. "ಮೊದಲ ತಿಂಗಳು ನೋಡಿದೆ, ಅಷ್ಟೇ. ಹಿಂದೆ ಏನೂ ಇರ್ತಿರಲಿಲ್ಲ. ಏನಿದ್ರೂ ನೀವೇ ಕತ್ತು ನೀಡಿ ಕೇಳ್ತಿದ್ರಿ. ಆಮೇಲೆ ಮುಂದೆ ಓದಿ ಎರಡೂ ಟಿಕ್ ಹಾಕಿಬಿಡ್ತಿದ್ದೆ. ಎಲ್ಲರದ್ದೂ ತಿರುಗಿಸ್ತಿದ್ದೆ ರೀ. ನಿಮ್ಮದೊಂದನ್ನ ಬಿಟ್ಟು. ನಂಬಿಕೆ."

ಕೊನೆಯ ಮಾತು ಹೇಳುವಾಗ ಅವನ ದನಿ ಒಡೆಯಿತು.

ಕಿಟಕಿಯ ಹೊರಗೆ ಯಾರೋ ಸೈಕಲ್ ಬೆಲ್ ಹೊಡೆಯುತ್ತ ಹೋದರು. ಆವತ್ತಿನ ಸೋಮವಾರ ನಾನು ಬಂದು ನೋಡಿದರೆ ನಿಮ್ಮ ಕುರ್ಚಿ ಖಾಲಿ ಇತ್ತು ಎಂದ. ದೊಡ್ಡಮ್ಮನ ಬಳಿ ವಿಳಾಸ ಕೇಳಿದೆ, ಕೊಡಬಾರದೆಂದು ಹೇಳಿ ಹೋಗಿದ್ದಾಳೆ ಅಂದರು. ನಾಲ್ಕು ವರ್ಷ ಎದುರಿಗಿದ್ದವನಿಗೆ ಒಂದು ಮಾತೂ ಹೇಳಬೇಕೆನಿಸದಷ್ಟು ಬೇಡವಾಗಿದ್ದೆನೇನೋ ಅಂದುಕೊಂಡೆ. ಆ ಶನಿವಾರ ಅಕ್ಕನ ಹೊಸ ಮನೆಗೆ ಸಾಮಾನು ಹೊರುತ್ತ ಅವಳಿಗೆ ಹೇಳಿದ್ದೆ, ಮೇಲಿನ ಕೋಣೆಗೆ ಕಿಟಕಿ ದೊಡ್ಡದಿದೆ, ಎರಡು ಮೇಜು ಎದುರುಬದುರು ಹಾಕಬಹುದು ಎಂದು.

"ಹಾಕಿದ್ರಾ?" ಎಂದು ಕೇಳಿದಳು. ಯಾಕೆ ಅದನ್ನೇ ಕೇಳಿದಳೋ ಅವಳಿಗೇ ತಿಳಿಯದು.

"ಹಾಕಿದೆ. ಒಂದರ ಮೇಲೆ ಪುಸ್ತಕ ಪೇರಿಸಿದ್ದೀನಿ."

ಅವಳಿಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಎರಡಕ್ಕೂ ಒಂದೇ ಕರವಸ್ತ್ರ. ಹನ್ನೆರಡು ವರ್ಷ ಅವನು ಓದಿ ಸುಮ್ಮನಿದ್ದ ಎಂದು ಅವಳು ಕೊರಗಿದಳು, ಅವಳು ಹೇಳದೆ ಹೋದಳು ಎಂದು ಅವನು ಕೊರಗಿದ. ಇಬ್ಬರ ಕೊರಗಿಗೂ ಆರು ಹೆಜ್ಜೆ ದೂರದ ಡ್ರಾಯರಿನಲ್ಲಿ ಮದ್ದಿತ್ತು. ಅವನು ದಿನವೂ ಅದರ ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದ.

ಅವನು ಕಾರ್ಡನ್ನು ಮತ್ತೆ ಹಿಂಬದಿಗೆ ತಿರುಗಿಸಿದ. ಆಮೇಲೆ ತಗ್ಗಿದ ದನಿಯಲ್ಲಿ, "ಈ ಪ್ರಶ್ನೆ ಇನ್ನೂ ಇದೆಯಾ?" ಎಂದು ಕೇಳಿದ.

ಇಲ್ಲ ಎನ್ನಬಹುದಿತ್ತು. ಅವಳಿಗೆ ಈಗ ಅಲ್ಲೊಂದು ಕೆಲಸ, ಅಲ್ಲೊಂದು ಮನೆ, ಬಾಗಿಲ ಬಳಿ ತಾನೇ ನೆಟ್ಟ ಗಿಡಗಳು. ಇರಿ ಅಂದರೆ ಇರುತ್ತೇನೆ ಎಂದು ಬರೆದ ಇಪ್ಪತ್ತಾರರ ಹುಡುಗಿ ಎಲ್ಲಿದ್ದಾಳೋ ಅವಳಿಗೂ ಗೊತ್ತಿಲ್ಲ. ಆದರೆ ಒಳಗೆಲ್ಲೋ ಒಲೆ ಆರಿರಲಿಲ್ಲ. ಮೇಲೆ ಬೂದಿ ಮುಚ್ಚಿತ್ತು, ಅಷ್ಟೇ.

"ಪ್ರಶ್ನೆಗೆ ಮುಪ್ಪಿಲ್ಲ ಅಂತ ದೊಡ್ಡಮ್ಮ ಹೇಳ್ತಿದ್ರು," ಎಂದಳು. "ಉತ್ತರ ಇಲ್ಲದ ಕಾರ್ಡು ಒಳಗೆ ಹೋಗಬಾರದು."

ಅವನು ಕಿವಿಯ ಮೇಲಿಂದ ಪೆನ್ನು ತೆಗೆದ. ಮೊದಲು ಕಾರ್ಡಿನ ಮುಂದಿನ ಮಗ್ಗುಲಲ್ಲಿ ಎರಡನೆಯ ಟಿಕ್ಕನ್ನು ಒಂದು ಗೆರೆ ಎಳೆದು ಹೊಡೆದು ಹಾಕಿದ. ಮೂವತ್ತು ವರ್ಷದಲ್ಲಿ ಆ ಕಚೇರಿಯಲ್ಲಿ ಹಾಕಿದ ಟಿಕ್ಕನ್ನು ಯಾರೂ ಹೊಡೆದು ಹಾಕಿರಲಿಲ್ಲ. ಆಮೇಲೆ ಕಾರ್ಡು ತಿರುಗಿಸಿ, ಅವಳ ಮೂರು ಸಾಲಿನ ಕೆಳಗೆ ನಿಧಾನವಾಗಿ ಬರೆದ. ಬರೆದದ್ದನ್ನು ಓದಿ ಹೇಳಲಿಲ್ಲ. ತಟ್ಟೆ ಈಗ ಇರಲಿಲ್ಲವಾದ್ದರಿಂದ, ಮೇಜಿನ ನಡುವೆ, ತಟ್ಟೆ ಇರುತ್ತಿದ್ದ ಜಾಗದಲ್ಲಿ ಇಟ್ಟ.

ಅವಳು ಎತ್ತಿಕೊಂಡಳು. ಹಸಿರು ಶಾಯಿ ಇನ್ನೂ ಒದ್ದೆಯಾಗಿತ್ತು.

ಇರಿ ಎನ್ನುವ ಹಕ್ಕನ್ನು ನಾನೇ ಕಳೆದುಕೊಂಡೆ. ಈ ಡ್ರಾಯರುಗಳು ಮುಗಿದರೆ ನನಗಿಲ್ಲಿ ಕೆಲಸವಿಲ್ಲ. ನಾನು ಬರಲೇ?

ಕಾರ್ಡಿನಲ್ಲಿ ಒಂದೇ ಒಂದು ಸಾಲಿನ ಜಾಗ ಉಳಿದಿತ್ತು. ಅವಳು ಬ್ಯಾಗಿನಲ್ಲಿ ನೀಲಿ ಪೆನ್ನು ಹುಡುಕಿದಳು, ಸಿಗಲಿಲ್ಲ. ಸಿಕ್ಕಿದ್ದು ವಿದ್ಯಾರ್ಥಿಗಳ ಪುಸ್ತಕ ತಿದ್ದುವ ಕೆಂಪು ಪೆನ್ನು. ಕೆಂಪು ದೊಡ್ಡಮ್ಮನ ಬಣ್ಣ ಎಂದು ಅವನು ಎಚ್ಚರಿಸಿದ. ಇವತ್ತು ನನ್ನದು ಎಂದಳು. ಬರೆದು, ಕಾರ್ಡನ್ನು ಅವನತ್ತ ತಿರುಗಿಸಿದಳು.

ಬನ್ನಿ.

ಅವನು ಓದಿದ. ಕನ್ನಡಕವನ್ನು ಹಣೆಗೇರಿಸಿ ಅವಳನ್ನು ನೋಡಿದ. ನಾಲ್ಕು ವರ್ಷ ಅವಳು ಕದ್ದು ನೋಡಿ, ಹನ್ನೆರಡು ವರ್ಷ ನೆನೆಸಿಕೊಂಡ ಆ ಕಣ್ಣುಗಳು ಈಗ ಎಲ್ಲಿಗೂ ಜಾರಿಕೊಳ್ಳದೆ ಅವಳ ಮೇಲೇ ನಿಂತವು. ತುಟಿ ತೆರೆದ. "ಮು" ಎಂದ. ಕಿವಿ ಕೆಂಪಾಯಿತು. ಆದರೂ ಈ ಸಲ ನಿಲ್ಲಿಸಲಿಲ್ಲ.

"ಮುತ್ತು," ಎಂದ.

"ಏನು ಹಸಿರಪ್ಪನವರೇ?"

"ಏನಿಲ್ಲ. ಕರೆದು ನೋಡಿದೆ."

ಅಂದು ಸಂಜೆ ಇಬ್ಬರೂ ಮೆಟ್ಟಿಲಿಳಿಯುವಾಗ ಅವಳ ಬ್ಯಾಗಿನಲ್ಲಿ ಅಂಗೈ ಅಗಲದ ಒಂದು ಕಾರ್ಡಿತ್ತು. ಕದ್ದದ್ದಲ್ಲ. ಮೊದಲ ತಿರುವಿನಲ್ಲಿ ಮೇಲಿನಿಂದ ಕೋಲಿನ ಸದ್ದು ಕೇಳಿ ಇಬ್ಬರೂ ಮಕ್ಕಳಂತೆ ಗೋಡೆಗೆ ಒರಗಿ ನಿಂತರು. ತೆರೆದ ಬಾಗಿಲಿನಲ್ಲಿ ಡ್ರಾಯರಿನ ಮುಂದೆ ನಿಂತ ದೊಡ್ಡಮ್ಮ ಕಾಣುತ್ತಿದ್ದರು. ದಿನದ ಕೊನೆಗೆ ಡ್ರಾಯರು ನೋಡದೆ ಅವರು ಮನೆಗೆ ಹೋದವರಲ್ಲ.

ಅವರ ಕೈಯಲ್ಲಿ ಹಳದಿ ಚೀಟಿ. ಕಣ್ಣಿಗೆ ಹತ್ತಿರ ಹಿಡಿದು, ಅಭ್ಯಾಸದಂತೆ ಗಟ್ಟಿಯಾಗಿ ಓದಿಕೊಂಡರು.

"ಎಸ್ಪೆರಾರ್. ತೆಗೆದವರು: ಇಬ್ಬರು. ಯಾಕೆ: ಮನೆಗೆ. ವಾಪಸ್ ಯಾವಾಗ..." ಅಲ್ಲಿ ಅವರು ಸ್ವಲ್ಪ ನಿಂತರು. "ಇಲ್ಲ."

ಮೆಟ್ಟಿಲಿನ ತಿರುವಿನಲ್ಲಿ ಅವಳು ಉಸಿರು ಹಿಡಿದಳು. ಅವನ ಕೈ ಅವಳ ಕೈಯನ್ನು ಯಾವಾಗ ಹುಡುಕಿಕೊಂಡಿತೋ, ಅವಳು ನೋಡಲಿಲ್ಲ.

ದೊಡ್ಡಮ್ಮ ಚೀಟಿಯನ್ನು ತಿರುಗಿಸಿ ಅದರ ಹಿಂಬದಿಯನ್ನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಮತ್ತೆ ಮುಂದಕ್ಕೆ ತಿರುಗಿಸಿ, ಕೆಂಪು ಪೆನ್ನು ತೆಗೆದು, ಬಲಮೂಲೆಯಲ್ಲಿ ಒಂದು ಟಿಕ್ ಹಾಕಿದರು. ಪಕ್ಕದಲ್ಲಿ ಇನ್ನೊಂದು.